ಹಣದ ದಾರಿಯೂ ವಿಭಾಗದ ಮೂಲಕವೇ

ಪ್ರಶ್ನೆ: ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿ. ಹುಣಸೂರಿನಲ್ಲಿ ಬಿ.ಎ. ಮುಗಿಸಿದ್ದೇನೆ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಸಮಾಜಶಾಸ್ತ್ರ ಎಂ.ಎ.ಗೆ ಸೀಟು ಸಿಕ್ಕಿದೆ. ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಡಿಗ್ರಿ ದಾಟಿ ಓದಲು ಹೊರಟವಳು ನಮ್ಮ ಮನೆಯಲ್ಲಿ ನಾನೇ ಮೊದಲು. ಮುಂದೆ ಪಿಎಚ್.ಡಿ. ಮಾಡುವ ಆಸೆಯೂ ಇದೆ. ಓದಿಗೆ ಹಣ ಹೊಂದಿಸುವುದು ಹೇಗೆ? ವಿಭಾಗದಲ್ಲಿ ಯಾರೊಂದಿಗೆ ಹೇಗೆ ನಡೆದುಕೊಳ್ಳಬೇಕು?
— ಓದುಗರೊಬ್ಬರು, ಪಿರಿಯಾಪಟ್ಟಣ ತಾಲ್ಲೂಕು

ಉತ್ತರ: ನೀವು ಎರಡು ಪ್ರಶ್ನೆ ಕೇಳಿದ್ದೀರಿ. ನನ್ನ ಲೆಕ್ಕದಲ್ಲಿ ಅವು ಒಂದೇ. ವಿದ್ಯಾರ್ಥಿವೇತನವಾಗಲಿ ಫೆಲೋಶಿಪ್ ಆಗಲಿ, ಮಂಜೂರು ಮಾಡುವುದು ಬೆಂಗಳೂರೋ ದೆಹಲಿಯೋ ಇರಬಹುದು, ಅದು ನಿಮ್ಮ ಖಾತೆಗೆ ಬರುವ ಮೊದಲು ವಿಭಾಗದ ಮೇಜಿನ ಮೇಲೆ ಒಂದಲ್ಲ ಒಂದು ಸಹಿಗಾಗಿ ಕಾದು ಕೂರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕು ಎನ್ನುತ್ತಾರಲ್ಲ, ಹಾಗೆ. ಆದ್ದರಿಂದ ವಿಭಾಗವನ್ನು ಅರ್ಥಮಾಡಿಕೊಂಡವರಿಗೆ ಅರ್ಧ ದುಡ್ಡಿನ ಚಿಂತೆ ಕಳೆದಂತೆ.

ಮೊದಲು ಮನಸ್ಸಿನಲ್ಲಿರುವ ಒಂದು ಅಳುಕು ತೆಗೆದುಹಾಕಿ. ಸರ್ಕಾರದ ಹಣ ಪಡೆದು ಓದುವುದು ಯಾರದೋ ದಯೆಯಲ್ಲ. ಕೆ.ಆರ್. ನಗರಕ್ಕೆ ಯಾರ ಹೆಸರಿದೆಯೋ ಆ ನಾಲ್ವಡಿ ಕೃಷ್ಣರಾಜ ಒಡೆಯರು 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿಸಿದರು. ಹಿಂದುಳಿದ ಸಮುದಾಯಗಳ ಓದು ಮತ್ತು ಉದ್ಯೋಗದ ಪ್ರಶ್ನೆಯನ್ನು ಪರಿಶೀಲಿಸಲು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದವರೂ ಅವರೇ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾದ 1972ರಲ್ಲೇ ಹಿಂದುಳಿದ ವರ್ಗಗಳ ಹಾವನೂರು ಆಯೋಗ ನೇಮಕವಾಯಿತು. 1975ರಲ್ಲಿ ಅದರ ವರದಿ ಬಂತು. ಹಳ್ಳಿಯ ಮಕ್ಕಳು ಇಂದು ಹಾಸ್ಟೆಲಿನಲ್ಲಿ ಉಂಡು ಓದುವುದರ ಹಿಂದೆ ಈ ಚರಿತ್ರೆಯಿದೆ. ಅರ್ಜಿ ಹಾಕುವಾಗ ತಲೆ ತಗ್ಗಿಸಬೇಕಾಗಿಲ್ಲ.

ಈಗ ಎಂ.ಎ.ಯ ಎರಡು ವರ್ಷ. ನಿಮ್ಮ ಕಡೆಯವರಿಗೆ ಹಣದ ತೊಂದರೆಗಿಂತ ಹಣದ ಕಾಲದ ತೊಂದರೆ ದೊಡ್ಡದು. ಹೊಗೆಸೊಪ್ಪಿನ ಹರಾಜು ಸಾಮಾನ್ಯವಾಗಿ ಶುರುವಾಗುವುದೇ ಸೆಪ್ಟೆಂಬರ್–ಅಕ್ಟೋಬರಿಗೆ. ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜು ಮಾರುಕಟ್ಟೆಗೆ ಬೇಲು ಹೋಗಿ ದುಡ್ಡು ಮನೆಗೆ ಬರುವ ತನಕ ಪ್ರವೇಶ ಶುಲ್ಕ ಕಾಯುವುದಿಲ್ಲ. ವಿದ್ಯಾರ್ಥಿವೇತನವೂ ಶುಲ್ಕ ಕಟ್ಟಿ, ರಸೀದಿ ಲಗತ್ತಿಸಿ, ಪರಿಶೀಲನೆ ಮುಗಿದ ಮೇಲೆ ಬರುವಂಥದ್ದು. ಹೀಗಾಗಿ ಮೊದಲ ಸೆಮಿಸ್ಟರಿನ ಶುಲ್ಕ, ಊಟ, ಪುಸ್ತಕದ ಖರ್ಚನ್ನು ಕೈಯಿಂದಲೇ ಹಾಕಬೇಕಾಗುತ್ತದೆ ಎಂದುಕೊಂಡೇ ಮನೆಯಲ್ಲಿ ಮಾತಾಡಿ. ಸ್ಕಾಲರ್‌ಶಿಪ್ ಬಂದ ಮೇಲೆ ತೀರಿಸುತ್ತೇನೆಂದು ಬಡ್ಡಿಗೆ ಕೈಸಾಲ ಮಾಡಬೇಡಿ. ಅದು ಬರುವ ತಿಂಗಳನ್ನು ಯಾರೂ ಖಚಿತವಾಗಿ ಹೇಳಲಾರರು. ನಿಮ್ಮ ಸೀಟು ಸಾಮಾನ್ಯ ಸೀಟೋ ಸ್ವಯಂಪೋಷಿತ ಸೀಟೋ ಎಂಬುದನ್ನೂ ಮೊದಲೇ ಖಾತರಿ ಮಾಡಿಕೊಳ್ಳಿ. ಎರಡರ ಶುಲ್ಕಕ್ಕೂ ಅಜಗಜಾಂತರ.

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನಲ್ಲೇ ಅರ್ಜಿ. ಅಲ್ಲಿ ಕೆಲಸ ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಒಂದು, ಜಾತಿ–ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ: ಅವಧಿ ಮುಗಿದಿದ್ದರೆ, ಹೆಸರಿನ ಅಕ್ಷರ ಆಧಾರ್‌ಗೆ ಹೊಂದದಿದ್ದರೆ ನಾಡಕಚೇರಿಗೆ ಈಗಲೇ ಹೋಗಿ. ಎರಡು, ಬ್ಯಾಂಕ್ ಖಾತೆ: ನೀವು ಪಾಸ್‌ಬುಕ್ ಕೊಟ್ಟ ಖಾತೆಗೇ ಹಣ ಬರುತ್ತದೆಂದು ತಿಳಿಯಬೇಡಿ. ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಎಂದೋ ತೆರೆದು ಮರೆತ ಖಾತೆಗೆ ಹಣ ಬಿದ್ದು, ಬಂದೇ ಇಲ್ಲ ಎಂದು ಅಲೆದವರುಂಟು. ಮೂರು, ಇ-ದೃಢೀಕರಣ: ಮೂಲ ದಾಖಲೆಗಳನ್ನು ಅಧಿಕಾರಿಗೆ ತೋರಿಸಿ ಮಾಡಿಸಬೇಕಾದ್ದು, ಕೊನೆಯ ವಾರಕ್ಕೆ ಬಿಟ್ಟರೆ ಸಾಲು ದೊಡ್ಡದು.

ಹಾಸ್ಟೆಲಿಗೆ ಬೇರೆಯೇ ಅರ್ಜಿ, ಬೇರೆಯೇ ಕೊನೆಯ ದಿನ. ವಿಶ್ವವಿದ್ಯಾನಿಲಯದ ಹಾಸ್ಟೆಲ್ ಒಂದನ್ನೇ ನಂಬದೆ ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯ ಮೈಸೂರಿನ ಹಾಸ್ಟೆಲುಗಳಲ್ಲಿ ನಿಮಗೆ ಅನ್ವಯವಾಗುವುದಕ್ಕೂ ಹಾಕಿ. ಅರ್ಜಿ ಹಾಕಿಯೂ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ‘ವಿದ್ಯಾಸಿರಿ’ ಇದೆ. ಅದು ಶುರುವಾದಾಗ ಊಟ, ವಸತಿಗೆಂದು ತಿಂಗಳಿಗೆ 1,500 ರೂ.ನಂತೆ ವರ್ಷದ 10 ತಿಂಗಳಿಗೆ ಕೊಡುತ್ತಿದ್ದರು.

ದಿನವೂ ಊರಿಂದ ಓಡಾಡಿದರೆ ಆಗದೇ ಎಂದು ಮನೆಯವರು ಕೇಳುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸು ಉಚಿತ, ನಿಜ. ಆದರೆ ಪಿರಿಯಾಪಟ್ಟಣದಿಂದ ಮೈಸೂರು ಸುಮಾರು 65 ಕಿ.ಮೀ.; ಹುಣಸೂರಿನಿಂದಲೇ 45. ಬಸ್ಸಿಗೆ ದುಡ್ಡು ಹೋಗದಿದ್ದರೂ ಹೊತ್ತು ಹೋಗುತ್ತದೆ. ಎಂ.ಎ.ಯಲ್ಲಿ ತರಗತಿಯಷ್ಟೇ ಮುಖ್ಯವಾದ ಓದು ತರಗತಿ ಮುಗಿದ ಮೇಲೆ ಗ್ರಂಥಾಲಯದಲ್ಲಿ, ಸಂಜೆಯ ಉಪನ್ಯಾಸಗಳಲ್ಲಿ ನಡೆಯುತ್ತದೆ. ನಾಲ್ಕು ಗಂಟೆಯ ಬಸ್ಸಿಗೆ ಓಡುವವರಿಗೆ ಅದು ತಪ್ಪುತ್ತದೆ. ಕೆ.ಆರ್. ನಗರದವರಿಗೆ ರೈಲಾದರೂ ಇದೆ, ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಯವರಿಗೆ ಓಡಾಟ ಆಗದ ಮಾತು. ಮೊದಲ ವರ್ಷವಾದರೂ ಮೈಸೂರಿನಲ್ಲೇ ಉಳಿಯಿರಿ.

ಇನ್ನು ವಿಭಾಗ. ಅಧ್ಯಕ್ಷರು ಸರದಿಯಂತೆ ಬದಲಾಗುತ್ತಾರೆ. ಕಚೇರಿಯ ಗುಮಾಸ್ತರು ಅಷ್ಟು ಬೇಗ ಬದಲಾಗುವುದಿಲ್ಲ. ಯಾವ ಅರ್ಜಿಗೆ ಯಾರ ಸಹಿ, ಯಾವ ಕಡತ ವಿಶ್ವವಿದ್ಯಾನಿಲಯದ ಆಡಳಿತ ಕಚೇರಿಯಾದ ಕ್ರಾಫರ್ಡ್ ಹಾಲ್‌ಗೆ ಹೋಗಿದೆ ಎಂಬುದು ಅವರಿಗೆ ಗೊತ್ತು. ಅವರನ್ನು ಹೆಸರು ಹಿಡಿದು ಮರ್ಯಾದೆಯಿಂದ ಮಾತಾಡಿಸಿ. ಕೊಟ್ಟ ಪ್ರತಿ ಕಾಗದದ ನಕಲಿನ ಮೇಲೆ ‘ಸ್ವೀಕರಿಸಿದೆ’ ಎಂದು ದಿನಾಂಕ ಸಹಿತ ಹಾಕಿಸಿಕೊಳ್ಳಿ. ಇದು ಅಪನಂಬಿಕೆಯಲ್ಲ, ಕಚೇರಿಯ ರೀತಿಯೇ ಹಾಗೆ. ಹಾಜರಾತಿ ಶೇ. 75ಕ್ಕಿಂತ ಇಳಿಯದಂತೆ ನೋಡಿಕೊಳ್ಳಿ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೂ ಸ್ಕಾಲರ್‌ಶಿಪ್ಪಿಗೂ ಒಟ್ಟಿಗೇ ತೊಂದರೆ.

ಅಧ್ಯಾಪಕರ ಕೋಣೆಗೆ ಹೋಗಲು ನಮ್ಮ ಮಕ್ಕಳಿಗೆ ಭಯ. ‘ಸಾರ್, ಒಂದು ಡೌಟು’ ಎಂದು ಬಾಗಿಲಲ್ಲಿ ನಿಲ್ಲುವ ಬದಲು ಓದಿದ್ದನ್ನು ಅರ್ಧ ಪುಟ ಬರೆದು, ತಿಳಿಯದ ಕಡೆ ಗುರುತು ಹಾಕಿ ತೆಗೆದುಕೊಂಡು ಹೋಗಿ. ಬರೆದು ತಂದವರಿಗೆ ಸಮಯ ಕೊಡದ ಅಧ್ಯಾಪಕರು ಕಡಿಮೆ. ಅತಿಥಿ ಉಪನ್ಯಾಸಕರನ್ನು ಕಡೆಗಣಿಸಬೇಡಿ. ನೆಟ್ ಬರೆದು, ಪಿಎಚ್.ಡಿ. ಮಾಡಿ ಅದೇ ದಾರಿಯಲ್ಲಿ ಈಚೆಗೆ ನಡೆದು ಬಂದವರು ಅವರು. ಹಳೆಯ ಪ್ರಶ್ನೆಪತ್ರಿಕೆ, ಪುಸ್ತಕದ ಪಟ್ಟಿ, ಯಾವ ಅರ್ಜಿ ಯಾವಾಗ ಎಂಬ ತಿಳಿವಳಿಕೆಗೆ ಸಂಶೋಧನಾ ವಿದ್ಯಾರ್ಥಿಗಳೇ ದಿಕ್ಕು.

ಪಿಎಚ್.ಡಿ. ಹಣದ ಮುಖ್ಯ ಬಾಗಿಲು ಯುಜಿಸಿ-ನೆಟ್. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸರದಿಯಲ್ಲಿ ನಡೆಯುತ್ತದೆ, ಎಂ.ಎ. ಕೊನೆಯ ವರ್ಷದಲ್ಲೇ ಬರೆಯಬಹುದು. ಅದರಲ್ಲಿ ಜೆಆರ್‌ಎಫ್ ಎಂಬ ಫೆಲೋಶಿಪ್ ಸಿಕ್ಕರೆ, 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000 ರೂ.; ಜೊತೆಗೆ ಮನೆ ಬಾಡಿಗೆ ಭತ್ಯೆ ಮತ್ತು ಸಾದಿಲ್ವಾರು ಖರ್ಚು. ತಪ್ಪಿದವರಿಗೂ ನೆಟ್ ಅಂಕ ವ್ಯರ್ಥವಲ್ಲ: 2024ರ ನಿಯಮದಂತೆ ಪಿಎಚ್.ಡಿ. ಪ್ರವೇಶಕ್ಕೆ ಆ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ. ರಾಜ್ಯದ ಕೆ-ಸೆಟ್ ಬೇರೆ, ಅದು ಅಧ್ಯಾಪಕ ಹುದ್ದೆಗೆ ಅರ್ಹತೆ ಕೊಡುತ್ತದೆಯೇ ಹೊರತು ಫೆಲೋಶಿಪ್ ಕೊಡುವುದಿಲ್ಲ.

ಒಂದು ಎಚ್ಚರಿಕೆ. ಭಾಷಾ ವಿಷಯಗಳನ್ನು ಬಿಟ್ಟರೆ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಸೆಮಿಸ್ಟರಿನಿಂದಲೇ ಪ್ರತಿ ಅಧ್ಯಾಯವನ್ನು ಎರಡೂ ಭಾಷೆಯಲ್ಲಿ ಓದುವ ಅಭ್ಯಾಸ ಮಾಡಿಕೊಳ್ಳಲೇಬೇಕು. ಇನ್ನೊಂದು, ರಾಜ್ಯದ 2ಎ, 3ಎ, 3ಬಿ ಪ್ರವರ್ಗಗಳು ಅಲ್ಲಿ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯೇ ನೋಡಿ, ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ಮಾಡಿಸಿ. ಅಲ್ಲಿ ಇಲ್ಲದಿದ್ದರೆ ಆರ್ಥಿಕವಾಗಿ ದುರ್ಬಲ ವರ್ಗದ ಪ್ರಮಾಣಪತ್ರಕ್ಕೆ ಅರ್ಹರೇ ಎಂದು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಐದು ಎಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿ ಜಮೀನಿದ್ದರೆ ಅದು ಸಿಗುವುದಿಲ್ಲ.

ಬೇರೆ ಬಾಗಿಲುಗಳೂ ಇವೆ. ಪರಿಶಿಷ್ಟ ಜಾತಿ ಮತ್ತು ಒಬಿಸಿಯವರ ರಾಷ್ಟ್ರೀಯ ಫೆಲೋಶಿಪ್‌ಗಳಿಗೆ ನೆಟ್ ಫಲಿತಾಂಶವೇ ಆಧಾರ. ಪರಿಶಿಷ್ಟ ಪಂಗಡದವರಿಗೆ ವರ್ಷಕ್ಕೆ 750 ಫೆಲೋಶಿಪ್‌ಗಳಿವೆ. ಅಲ್ಲಿ ಸ್ನಾತಕೋತ್ತರದ ಅಂಕ ನೋಡುತ್ತಾರೆ. ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳಿಂದ ಬರುವ ಜೇನುಕುರುಬ, ಬೆಟ್ಟಕುರುಬ, ಯರವ ಮಕ್ಕಳಿಗೆ ಈ ಮಾತು ಯಾರಾದರೂ ಮುಟ್ಟಿಸಬೇಕು. ಅಲ್ಪಸಂಖ್ಯಾತರ ಮೌಲಾನಾ ಆಜಾದ್ ಫೆಲೋಶಿಪ್ 2022–23ರಿಂದ ಹೊಸಬರಿಗೆ ನಿಂತಿದೆ. ಹಳೆಯ ಸೀನಿಯರ್ ಮಾತು ನಂಬಿ ಕಾಯಬೇಡಿ. ಸಮಾಜವಿಜ್ಞಾನದವರಿಗೆ ಐಸಿಎಸ್‌ಎಸ್‌ಆರ್‌ನ ಡಾಕ್ಟರಲ್ ಫೆಲೋಶಿಪ್ ಇದೆ. ಭಾರತೀಯ ಭಾಷಾ ಸಂಸ್ಥಾನ, ಸಿಎಫ್‌ಟಿಆರ್‌ಐನಂಥ ಮೈಸೂರಿನ ಸಂಸ್ಥೆಗಳಲ್ಲಿ ಆಗಾಗ ತಾತ್ಕಾಲಿಕ ಪ್ರಾಜೆಕ್ಟ್ ಕೆಲಸಗಳೂ ಬರುತ್ತವೆ. ಫೆಲೋಶಿಪ್ ಸಿಕ್ಕಿದ ಮೇಲೂ ನೀವು ಸಂಶೋಧನೆ ಮಾಡುವ ಸಂಸ್ಥೆ ಪ್ರತಿ ತಿಂಗಳೂ ‘ಇವರು ಕೆಲಸ ಮಾಡುತ್ತಿದ್ದಾರೆ’ ಎಂದು ದೃಢೀಕರಿಸಬೇಕು. ಮಾರ್ಗದರ್ಶಕರ ಸಹಿ, ಅಧ್ಯಕ್ಷರ ಸಹಿ, ಕಚೇರಿಯ ನಮೂದು, ಒಂದು ತಪ್ಪಿದರೂ ಆ ತಿಂಗಳ ಹಣ ನಿಂತಿತು. ಫೆಲೋಶಿಪ್ ಪಡೆಯುತ್ತಲೇ ಇನ್ನೊಂದು ಕಡೆ ಸಂಬಳದ ಕೆಲಸ ಮಾಡುವಂತಿಲ್ಲ ಎಂಬುದೂ ನೆನಪಿರಲಿ.

ಮಾರ್ಗದರ್ಶಕರ ಆಯ್ಕೆಯಲ್ಲಿ ಹೆಸರು ನೋಡಿ ಮರುಳಾಗಬೇಡಿ, ಲೆಕ್ಕ ನೋಡಿ. ಯುಜಿಸಿಯ 2022ರ ನಿಯಮದಂತೆ ಪ್ರೊಫೆಸರ್‌ಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ಪಿಎಚ್.ಡಿ. ವಿದ್ಯಾರ್ಥಿಗಳ ಮಿತಿ. ನಿವೃತ್ತಿಗೆ ಮೂರು ವರ್ಷ ಉಳಿಯದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಕಾಯಂ ಅಧ್ಯಾಪಕರಷ್ಟೇ ಮಾರ್ಗದರ್ಶನ ಮಾಡಬಹುದು. ಅವರ ಬಳಿ ಈಗಿರುವ ವಿದ್ಯಾರ್ಥಿಗಳನ್ನು ಕೇಳಿ: ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ತಿದ್ದಿ ಕೊಡುತ್ತಾರೆ? ಸಹಿಗೆ ಎಷ್ಟು ಅಲೆಸುತ್ತಾರೆ? ಪಿಎಚ್.ಡಿ.ಗೆ ಕನಿಷ್ಠ 3, ಗರಿಷ್ಠ 6 ವರ್ಷ. ಹೆಣ್ಣುಮಕ್ಕಳಿಗೆ ಇನ್ನೆರಡು ವರ್ಷದ ರಿಯಾಯಿತಿ, 240 ದಿನದ ತನಕ ಹೆರಿಗೆ ಮತ್ತು ಶಿಶುಪಾಲನಾ ರಜೆ ಉಂಟು. ಸೆಮಿಸ್ಟರಿಗೊಮ್ಮೆ ಸಲಹಾ ಸಮಿತಿಯ ಮುಂದೆ ಕೆಲಸದ ವರದಿ ಕೊಡಬೇಕು. ಅದನ್ನು ಶಿಕ್ಷೆ ಎಂದು ತಿಳಿಯಬೇಡಿ. ನಿಮ್ಮ ಕೆಲಸ ದಾಖಲಾಗುವ ಜಾಗ ಅದು. ಗುರುಗಳ ಮನೆಗೆಲಸ, ಅವರ ಮಕ್ಕಳ ಫೀಸು ಕಟ್ಟುವ ಓಡಾಟ ನಿಮ್ಮ ಸಂಶೋಧನೆಯ ಭಾಗವಲ್ಲ. ‘ಅಧ್ಯಾಯ ಕೊಡಬೇಕು ಸಾರ್’ ಎಂದು ನಯವಾಗಿ ತಪ್ಪಿಸಿಕೊಳ್ಳಿ. ಲೈಂಗಿಕ ಕಿರುಕುಳಕ್ಕೆ ಆಂತರಿಕ ದೂರು ಸಮಿತಿ, ಜಾತಿಯ ತಾರತಮ್ಯಕ್ಕೆ ಎಸ್ಸಿ-ಎಸ್ಟಿ ಘಟಕ ಇವೆ. ದೂರನ್ನು ಬಾಯಲ್ಲಿ ಹೇಳಿ ಸುಮ್ಮನಾಗದೆ ಬರೆದೇ ಕೊಡಿ.

ಸಮಾಜಶಾಸ್ತ್ರ ಓದುವವರಿಗೆ ಇನ್ನೊಂದು ಮಾತು. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ತಮ್ಮ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಸಂಸ್ಕರಿಸಿ ಮೂರು ಪ್ರತಿ ಮಾಡಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಮೂರೂ ಸುಟ್ಟವು, ಮೂರೂ ಒಂದೇ ಕಡೆ ಇದ್ದುದರಿಂದ. 1976ರಲ್ಲಿ ಬಂದ ‘ದಿ ರಿಮೆಂಬರ್ಡ್ ವಿಲೇಜ್’ ಪುಸ್ತಕವನ್ನು ಅವರು ಬಹುಪಾಲು ನೆನಪಿನಿಂದ ಬರೆಯಬೇಕಾಯಿತು. ನಿಮ್ಮ ಟಿಪ್ಪಣಿಯ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ಮೇಲ್‌ನಲ್ಲಿ ಇರಲಿ.

ಈ ವಾರ ಮಾಡಬೇಕಾದ್ದು ಮೂರೇ: ನಾಡಕಚೇರಿಗೆ ಹೋಗಿ ಪ್ರಮಾಣಪತ್ರದ ಅವಧಿ ನೋಡಿ, ಬ್ಯಾಂಕಿನಲ್ಲಿ ಆಧಾರ್ ಜೋಡಣೆ ಕೇಳಿ, ಹಾಸ್ಟೆಲಿನ ಕೊನೆಯ ದಿನ ಬರೆದಿಟ್ಟುಕೊಳ್ಳಿ. ಫೆಲೋಶಿಪ್ಪಿನ ದರ, ಆದಾಯ ಮಿತಿ ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನೇ ಓದಿ. ಮುಂದಿನ ವರ್ಷ ನಿಮ್ಮೂರಿನಿಂದಲೋ ಪಕ್ಕದ ಹಾಡಿಯಿಂದಲೋ ಇನ್ನೊಬ್ಬರು ಗಂಗೋತ್ರಿಗೆ ಬರುತ್ತಾರೆ. ಅವರು ಕೇಳುವ ತನಕ ಕಾಯದೆ ನೀವೇ ಹೋಗಿ ಇಷ್ಟನ್ನು ಹೇಳಿಕೊಡಿ.