ಊಹಿಸಿದ್ದೆಲ್ಲ ನಿಜವಾದ್ರೆ ಆಟ ಉಳಿಯುತ್ತಾ?

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಆ್ಯಂಡ್ ಡ್ರಾಗನ್ಸ್' ಆಟ ರೂಪಿಸಿದರು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಪಾತ್ರಗಳಾಗುತ್ತಾರೆ. ಮಾಡಹೊರಟದ್ದು ಕೈಗೂಡುತ್ತೋ ಇಲ್ವೋ ಅನ್ನೋದನ್ನ ಈಗ ಹೆಚ್ಚಾಗಿ 20 ಮುಖದ ದಾಳ ಹೇಳುತ್ತೆ.

ನಾವು ಐವರು ಹಾಸ್ಟೆಲ್ ರೂಮಲ್ಲಿ ಕೂತು ಅಂಥದ್ದೇ ಒಂದು ಸಾಹಸ ಕಟ್ಟಿದೆವು. ಅದರಲ್ಲಿ ಒಂದು ಕಾಡು. ಅಲ್ಲಿ ಊಹಿಸಿದ್ದೆಲ್ಲ ನಿಜವಾಗುತ್ತೆ. ಐದೇ ನಿಮಿಷದಲ್ಲಿ ಒಬ್ಬ 'ರಾಕ್ಷಸ ಸತ್ತ' ಅಂತ ಊಹಿಸಿದ. ಆಟ ಮುಗೀತು!

ಆಮೇಲೆ ಮೂರು ನಿಯಮ ಮಾಡಿಕೊಂಡೆವು.

1. ವಸ್ತುವನ್ನು ಊಹಿಸಬಹುದು, ಫಲಿತಾಂಶವನ್ನಲ್ಲ. 'ಸೇತುವೆ ಇದೆ' ಸರಿ, 'ದಾಟಿಬಿಟ್ಟೆ' ತಪ್ಪು.

2. ಬರೀ ಹೆಸರು ಹೇಳಿದ್ರೆ ದಾಳದಲ್ಲಿ 15 ಅಥವಾ ಹೆಚ್ಚು ಬೀಳಬೇಕು. ಅಂದ್ರೆ 20ರಲ್ಲಿ 6 ಮುಖ, ಶೇ. 30. ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ರೆ 10 ಸಾಕು: 11 ಮುಖ, ಶೇ. 55.

3. ನಿಜವಾದದ್ದು ಎಲ್ಲರಿಗೂ ನಿಜ. ಭಸ್ಮಾಸುರನ ವರದ ಹಾಗೆ ನಮಗೇ ತಿರುಗಬಹುದು.

ಎರಡನೇ ನಿಯಮದಲ್ಲಿ ಇಂಗ್ಲಿಷ್ ಮೀಡಿಯಂನ ನಾವು ಸಿಕ್ಕಿಬಿದ್ದೆವು. 'ಮರ', 'ಹಗ್ಗ' ಅಂದು ಮುಂದೆ ಮಾತೇ ಹೊರಡಲಿಲ್ಲ. ಯಾವಾಗಲೂ ಸುಮ್ಮನಿರುತ್ತಿದ್ದ ಗೆಳೆಯ, "ಹಳ್ಳದ ಮೇಲೆ ಅಡ್ಡ ಬಾಗಿರೋ ಹುಣಸೆಮರ. ತೊಗಟೆ ಒರಟು, ಕಾಲು ಜಾರಲ್ಲ" ಅಂದ. ದಾಳ ಉರುಳಿ 12 ಬಿತ್ತು. ಎಲ್ಲರೂ ಅವನ ಮರದ ಮೇಲೆ ದಾಟಿದೆವು. ಹಿಂದೆಯೇ ರಾಕ್ಷಸನೂ ಹತ್ತಿದ!

ನೀವೂ ಆಡೋದಾದ್ರೆ, ರಾಕ್ಷಸರ ಪಟ್ಟಿ ಮಾಡೋಕೆ ಮುಂಚೆ ನಿಮ್ಮೂರಿನ ಒಂದು ಮರವನ್ನ ಐದು ವಾಕ್ಯದಲ್ಲಿ ಹೇಳಿ ನೋಡಿ. ನಾವಿನ್ನೂ ಮೂರರಲ್ಲೇ ನಿಂತಿದ್ದೀವಿ.