ಬಾಯಾರಿಕೆಯೆಲ್ಲ ಸಕ್ಕರೆ ಕಾಯಿಲೆಯಲ್ಲ

ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿ ರಕ್ತನಾಳಗಳ ಮೇಲೆ ದಾಳಿ ಮಾಡಿದಾಗ ಅಲ್ಲಿ ಉರಿಯೂತ ಉಂಟಾಗುತ್ತದೆ. ಇದೇ ವ್ಯಾಸ್ಕುಲೈಟಿಸ್. ಇದರ ಒಂದು ಬಗೆ ಜಿ.ಪಿ.ಎ. (ಹಿಂದಿನ ಹೆಸರು ವೆಗೆನರ್ ಕಾಯಿಲೆ). ಇದು ಹೆಚ್ಚಾಗಿ ಮೂಗು, ಶ್ವಾಸಕೋಶ ಮತ್ತು ಮೂತ್ರಪಿಂಡಗಳನ್ನು ಬಾಧಿಸುತ್ತದೆ. ಅಪರೂಪಕ್ಕೆ ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಗೂ ತಗಲುತ್ತದೆ.

ಆಗ ದೇಹದಲ್ಲಿ ನೀರನ್ನು ಉಳಿಸುವ ವ್ಯಾಸೋಪ್ರೆಸಿನ್ ಹಾರ್ಮೋನು ಕಡಿಮೆಯಾಗಬಹುದು. ದಿನಕ್ಕೆ 3 ಲೀಟರಿಗಿಂತ ಹೆಚ್ಚು, ನೀರಿನಂತಹ ಮೂತ್ರ ಹೋಗುತ್ತದೆ. ತಡೆಯಲಾರದ ಬಾಯಾರಿಕೆ ಕಾಡುತ್ತದೆ. ಸುಬ್ರಹ್ಮಣ್ಯಪುರದಿಂದ ಜಯನಗರ ತಲಪುವುದರೊಳಗೆ ಮೂತ್ರಕ್ಕಾಗಿ ಬಸ್ ಇಳಿಯಬೇಕಾಗುತ್ತಿದೆಯೇ? ರಾತ್ರಿ ಪದೇ ಪದೇ ಏಳುತ್ತೀರಾ? ಬಿಸಿಲಿನಿಂದ ಎಂದು ಸುಮ್ಮನಿರಬೇಡಿ.

ಸ್ಟೀರಾಯ್ಡ್ ಮಾತ್ರೆಯಿಂದ ಸಕ್ಕರೆ ಏರಬಹುದು. ಆದ್ದರಿಂದ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ. ಅದು ಸರಿಯಿದ್ದೂ ತೊಂದರೆ ಮುಂದುವರಿದರೆ ವೈದ್ಯರು ರಕ್ತದ ಸೋಡಿಯಂ, ಮೂತ್ರದ ಸಾಂದ್ರತೆ, ಹಾರ್ಮೋನು ಪರೀಕ್ಷೆ ಹಾಗೂ ಎಂ.ಆರ್.ಐ. ಮಾಡಿಸುತ್ತಾರೆ. ಡೆಸ್ಮೊಪ್ರೆಸಿನ್ ಔಷಧಿಯಿಂದ ಮೂತ್ರ ಹತೋಟಿಗೆ ಬರುತ್ತದೆ. ಉರಿಯೂತ ಶಮನವಾದ ಮೇಲೂ ಕೆಲವರಿಗೆ ಹಾರ್ಮೋನು ಔಷಧಿ ಬೇಕಾಗುತ್ತದೆ.

ನೆನಪಿಡಿ:

1. ಮೂತ್ರ ಕಡಿಮೆಯಾಗಲೆಂದು ನೀರು ಕುಡಿಯುವುದನ್ನು ಬಿಡಬೇಡಿ.

2. ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ. ವಾಂತಿ, ರಕ್ತದೊತ್ತಡ ಕುಸಿತ ಉಂಟಾಗಿ ಪ್ರಾಣಕ್ಕೇ ಅಪಾಯ.

3. ತಲೆನೋವು, ದೃಷ್ಟಿ ಮಂಜಾಗುವುದು, ವಿಪರೀತ ಸುಸ್ತು, ಮುಟ್ಟು ನಿಲ್ಲುವುದು ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಿ.

24 ಗಂಟೆಯಲ್ಲಿ ಕುಡಿದ ನೀರು, ಹೋದ ಮೂತ್ರ ಎರಡನ್ನೂ ಅಳೆದು ಬರೆದು ತನ್ನಿ. ಆ ಒಂದು ಚೀಟಿಯಿಂದ ವೈದ್ಯರಿಗೆ ಬಹಳ ಸಹಾಯವಾಗುತ್ತದೆ.