ಚೀಟಿಯ ಕಡೆಯ ಸಾಲು

ಔಷಧಗಳ ಹೆಸರಿನ ಕೆಳಗೆ ವೈದ್ಯರು ‘ದಿನವೂ ಅರ್ಧ ಗಂಟೆ ನಡಿಗೆ’ ಎಂದು ಬರೆದುಕೊಟ್ಟರೆ, ಗುಳಿಗೆಗಳನ್ನು ಮಾತ್ರ ನಿಷ್ಠೆಯಿಂದ ನುಂಗಿ, ಆ ಕಡೆಯ ಸಾಲನ್ನು ಉಪಚಾರದ ಮಾತೆಂದು ಬಗೆದು ಚೀಟಿಯನ್ನು ಮಡಿಚಿಡುವವರೇ ನಮ್ಮಲ್ಲಿ ಹೆಚ್ಚು. ಲಂಡನ್ನಿನ ಮಹಡಿಬಸ್ಸುಗಳಲ್ಲಿ ಕುಳಿತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಿಗೆ ಹೃದ್ರೋಗ ಕಡಿಮೆಯೆಂಬುದನ್ನು ಸಂಶೋಧಕ ಜೆರೆಮಿ ಮಾರಿಸ್ 1953ರಲ್ಲಿಯೇ ತೋರಿಸಿಕೊಟ್ಟಿರಲು, ಆ ಸಾಲೂ ಔಷಧವೇ ಎಂಬುದರಲ್ಲಿ ಸಂದೇಹವೇಕೆ? ಏಕಾಕಿಯಾಗಿ ಹೊರಡಲು ಆಲಸ್ಯವಾದರೆ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮುಂಜಾನೆ ಕಾಣುವಂತಹ ಗುಂಪೊಂದನ್ನು ಸೇರಿರಿ. ರಾಜಕೀಯದ ಚರ್ಚೆ ಧರ್ಮಕ್ಕೇ ದೊರೆಯುವುದು! ಮಾತನಾಡಲಾಗುವಷ್ಟು, ಆದರೆ ಹಾಡಲಾಗದಷ್ಟು ವೇಗವೇ ತಕ್ಕುದು. ಮಧುಮೇಹಕ್ಕೆ ಔಷಧ ಸೇವಿಸುವವರು ಜೇಬಿನಲ್ಲಿ ತುಸು ಸಕ್ಕರೆಯನ್ನಿರಿಸಿಕೊಳ್ಳಲಿ. ಎದೆ ಹಿಡಿದಂತಾದರೆ ಅಲ್ಲಿಯೇ ನಿಂತು, ತಡಮಾಡದೆ ವೈದ್ಯರನ್ನು ಕಾಣಿರಿ.